ಅಪ್ಪನ ಹೆಸರಿನ ಚುಕ್ಕಿ

ಈ ಪ್ರಸಂಗವನ್ನು ನಾನು ಈವರೆಗೆ ನಾಲ್ಕೈದು ಸಲ ಬೇರೆ ಬೇರೆಯವರ ಮುಂದೆ ಹೇಳಿದ್ದೇನೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಒಂದಿಷ್ಟು ಹೆಚ್ಚು ಒಳ್ಳೆಯವನಾಗುತ್ತ ಬಂದಿದ್ದೇನೆ. ಕೊನೆಯ ಸಲದ ಹೊತ್ತಿಗೆ ನಾನು ಒಬ್ಬ ಹೆಣ್ಣುಮಗಳಿಗೆ ರಜೆ ಕೊಡಿಸಿದ ಮಹಾನುಭಾವ. ಕೇಳಿದವರು ತಲೆದೂಗಿದರು, ಒಬ್ಬರು ಕಾಫಿಯನ್ನೂ ಕೊಡಿಸಿದರು. ಇಷ್ಟು ನುಣ್ಣಗಾದ ನೆನಪನ್ನು ನಂಬಬಾರದು ಎನಿಸಿದ್ದರಿಂದ ಬರೆಯಲು ಕೂತಿದ್ದೇನೆ. ಬರೆದರೆ ಸುಳ್ಳು ಕಡಿಮೆಯಾಗುತ್ತದೆ ಎಂಬ ಭರವಸೆಯೇನೂ ಇಲ್ಲ. ಆದರೆ ಬರೆದ ಸುಳ್ಳು ಒಂದೇ ಕಡೆ ನಿಂತಿರುತ್ತದೆ, ಹುಡುಕಲು ಸುಲಭ.

ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಬೆನ್ನಿಗಿರುವ ಓಣಿಯೊಂದರಲ್ಲಿ, ಲಗ್ನಪತ್ರಿಕೆ ಮಾಡುವ ಅಂಗಡಿಯೊಂದಿತ್ತು. ಇತ್ತು ಎಂದೆ. ಈಗಲೂ ಇದೆ. ನೆನಪು ಬರೆಯುತ್ತೇನೆ ಎಂದ ಕೂಡಲೇ ಕೈ ತಾನಾಗಿ ಎಲ್ಲವನ್ನೂ ಭೂತಕಾಲಕ್ಕೆ ತಳ್ಳುತ್ತದೆ. ಸರ್ವಜ್ಞನಗರದ ನನ್ನ ಮನೆಯಿಂದ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಕನ್ನಡದ ಕರಡು ತಿದ್ದುವುದು ನನ್ನ ಕೆಲಸ. ಆಹ್ವಾನದಲ್ಲಿ ಒಂದು ಒತ್ತು ಬಿಟ್ಟುಹೋದರೆ ಮದುವೆಯೇ ನಿಂತುಹೋಗುತ್ತದೆ ಎಂಬ ಮುಖ ಹೊತ್ತುಕೊಂಡು ಕೂರುತ್ತಿದ್ದೆ. ಈವರೆಗೆ ಯಾವ ಮದುವೆಯೂ ನಿಂತಿಲ್ಲ, ನಾನು ಬಿಟ್ಟ ಒತ್ತುಗಳು ಬೇಕಾದಷ್ಟಿವೆ.

ಅಲ್ಲಿಗೆ ಬರುವ ಮನೆಗಳು ಮೂರು ಭಾಷೆಯವು: ಕನ್ನಡ, ತಮಿಳು, ಉರ್ದು. ಮೂರಕ್ಕೂ ಮೂರು ಬೇರೆ ತಂತ್ರಾಂಶಗಳು. ಮೂರೂ ಹಳೆಯವು, ಒಂದಕ್ಕೆ ಇನ್ನೊಂದರ ಮುಖ ಕಂಡರಾಗದು. ಕನ್ನಡದ ಫೈಲನ್ನು ತಮಿಳಿನದರಲ್ಲಿ ತೆರೆದರೆ ಅಕ್ಷರಗಳೆಲ್ಲ ಕೈಕಾಲು ಮುರಿದುಕೊಂಡು ಬಿದ್ದಿರುತ್ತಿದ್ದವು. ಅಷ್ಟೇ ಆಗಿದ್ದರೆ ಮುಚ್ಚಿ ಬೇರೆಯದರಲ್ಲಿ ತೆರೆಯಬಹುದಿತ್ತು. ಆದರೆ ಮುಚ್ಚುವಾಗ ಅದು ‘ಸೇವ್ ಮಾಡಲೇ?’ ಎಂದು ಕೇಳುತ್ತದೆ. ಮನುಷ್ಯನ ಬೆರಳು ಕಂಪ್ಯೂಟರು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತದೆ. ಮುರಿದ ಅಕ್ಷರಗಳೇ ಖಾಯಂ ಆಗುತ್ತವೆ. ಹಿಂದೊಮ್ಮೆ ಯಾರದೋ ಇಡೀ ಪತ್ರಿಕೆ ಹೀಗೆ ಹೋಗಿತ್ತಂತೆ. ಅಂದಿನಿಂದ ಮಾಲೀಕರು ಒಂದು ಕಾನೂನು ಮಾಡಿದ್ದರು: ಯಾವ ಫೈಲನ್ನು ಯಾವುದರಲ್ಲಿ ತೆರೆಯಬೇಕು ಅನ್ನುವುದು ಗೊತ್ತಿಲ್ಲದವರು ಮೌಸ್ ಮುಟ್ಟಬಾರದು.

ಗೊತ್ತಿದ್ದವರು ಅಂಗಡಿಯಲ್ಲಿ ಒಬ್ಬರೇ. ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ಹೊಸ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಹಾಕುತ್ತಾರೆ, ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಬಸ್ಸಿನಲ್ಲಿ ನಿಂತೇ ಬಂದು, ಮೂರೂ ಭಾಷೆಯನ್ನು ಟೈಪ್ ಮಾಡಿ, ಮತ್ತೆ ನಿಂತೇ ಹೋಗುತ್ತಿದ್ದರು. ತಮಿಳು, ಉರ್ದು ಎರಡನ್ನೂ ಅವರು ಕಲಿತದ್ದು ಕೌಂಟರಿನ ಈಚೆ ಕೂತು ಗಿರಾಕಿಗಳ ಜಗಳ ಕೇಳುತ್ತ.

ಒಂದು ಸೋಮವಾರ ಅವರು ರಜೆ ಕೇಳಿದರು.

“ತಂಗಿದು ಕುಬಸ ಅದರಿ. ಮುಂದಿನ ಸೋಮವಾರ. ಶನಿವಾರ ಸಂಜಿ ಗಾಡಿಗಿ ಹೋಗಿ, ಬುಧವಾರ ಬಂದ್ಬಿಡ್ತಿನ್ರಿ.”

ಮಾಲೀಕರ ಮನೆಮಾತು ತಮಿಳು, ಬೀದಿಮಾತು ಉರ್ದು, ನಮ್ಮ ಜೊತೆ ಕನ್ನಡ. “ಕುಬಸ ಅಂದ್ರೆ?”

“ಬಸುರಿಗಿ ಮಾಡ್ತಾರಲ್ರಿ, ಸೀರಿ ಉಡಿಸಿ, ಆರತಿ ಮಾಡಿ…”

“ಓ, ಸೀಮಂತ. ಏನಮ್ಮಾ, ಸೀಸನ್ ಟೈಮಲ್ಲಿ ಲೀವಾ? ನೀನು ಹೋದ್ರೆ ಫೈಲ್ ಓಪನ್ ಮಾಡೋದ್ಯಾರು, ನಮ್ಮ ತಾತನಾ?”

“ನಮ್ಮವ್ವ ಇಲ್ರಿ. ನಾನ ಮುಂದ ನಿಂದ್ರಬೇಕು.”

“ಟೈಪಿಂಗ್‌ಗೆ ಹೊರಗಡೆಯಿಂದ ಯಾರನ್ನಾದ್ರೂ ಕರ್ಸ್ತೀನಿ. ಫೈಲ್‌ಗೆ ಯಾರನ್ನ ಕರ್ಸ್ಲಿ? ಅದು ನಿನ್ ತಲೇಲಿದೆ. ತಲೆ ಬಿಟ್ಟು ಹೋಗ್ತೀಯಾ?”

ಮಧ್ಯೆ ನಾನು ಮಾತಾಡಿದೆ. ಕರಡಿನಿಂದ ತಲೆ ಎತ್ತದೆಯೇ ಮಾತಾಡಿದೆ, ಹಾಗೆ ಮಾತಾಡಿದರೆ ಹೆಚ್ಚು ತಿಳಿದವರಂತೆ ಕಾಣುತ್ತೇವೆ.

“ಅದೆಷ್ಟೊತ್ತಿನ ಕೆಲ್ಸ ಸಾರ್. ಹತ್ತು ಲೈನ್ ಕಮಾಂಡ್ ಬರೆದ್ರೆ ಯಾವುದು ಯಾವುದ್ರಲ್ಲಿ ಓಪನ್ ಆಗ್ಬೇಕೋ ಕಂಪ್ಯೂಟ್ರೇ ಮಾಡತ್ತೆ. ಡಬಲ್ ಕ್ಲಿಕ್ ಮಾಡಿದ್ರಾಯ್ತು.”

“ಸಾರ್, ನೀವು ಒತ್ತು ನೋಡ್ಕೊಳ್ಳಿ, ದೀರ್ಘ ನೋಡ್ಕೊಳ್ಳಿ.”

“ಎರಡು ದಿನ ಕೊಡಿ.”

ಮಾಲೀಕರು ಅವರ ಕಡೆ ತಿರುಗಿದರು. “ಸಾರ್ ಮಾಡಿ ತೋರಿಸ್ಲಿ. ಬುಧವಾರ ನನ್ನ ಮುಂದೆ ಎಲ್ಲಾ ಕರೆಕ್ಟಾಗಿ ಓಪನ್ ಆದ್ರೆ ನೀನು ಹೋಗು. ಇಲ್ಲಾಂದ್ರೆ ಇಲ್ಲ.”

ಹೀಗೆ ಒಬ್ಬ ಬಸುರಿ ತಂಗಿಯ ಮುಂದೆ ಅಕ್ಕ ನಿಲ್ಲುವುದೋ ಬಿಡುವುದೋ ಎಂಬ ಪ್ರಶ್ನೆ ನನ್ನ ಹತ್ತು ಸಾಲುಗಳ ಮೇಲೆ ಬಂದು ಕೂತಿತು. ಅವರು ನನ್ನ ಕಡೆ ಕೃತಜ್ಞತೆಯಿಂದ ನೋಡಿದರು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕ್ಯಾಲೆಂಡರ್ ಇದ್ದದ್ದು ನನ್ನ ತಲೆಯ ಹಿಂದೆ.

ಈಗ ಸ್ವಲ್ಪ ತಾಂತ್ರಿಕ ವಿಷಯ. ಹೆದರಬೇಕಾಗಿಲ್ಲ, ನನಗೂ ಅಷ್ಟೇ ಗೊತ್ತಿರುವುದು. ಫೈಲಿನ ಹೆಸರಿನ ಕೊನೆಯ ಚುಕ್ಕಿಯ ಆಚೆ ಏನಿದೆಯೋ ಅದನ್ನು ಕಂಪ್ಯೂಟರು ಬಾಲ ಎಂದು ತಿಳಿಯುತ್ತದೆ. ಬಾಲ ನೋಡಿ, ಇದನ್ನು ಯಾವ ತಂತ್ರಾಂಶದ ಕೈಗೆ ಕೊಡಬೇಕೆಂದು ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಆ ಬಾಲವನ್ನು ತಂತ್ರಾಂಶವೇ ಅಂಟಿಸಿರುತ್ತದೆ. ಉರ್ದು ಫೈಲುಗಳಿಗೆ ಹೆಚ್ಚಾಗಿ ಸರಿಯಾದ ಬಾಲವಿತ್ತು. ಕನ್ನಡ, ತಮಿಳಿನವಕ್ಕೆ ಮಾತ್ರ ಬಾಲದ ಜಾಗದಲ್ಲಿ ಒಂದೊಂದು ಒಂಟಿ ಇಂಗ್ಲಿಷ್ ಅಕ್ಷರ: ಆರ್, ಎನ್, ಕೆ, ಎಂ, ವಿ. ಇಂಥ ಬಾಲವನ್ನು ಕಂಪ್ಯೂಟರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಾಗಾಗಿ ಪ್ರತಿ ಸಲ ‘ಇದನ್ನು ಯಾವುದರಲ್ಲಿ ತೆರೆಯಲಿ?’ ಎಂದು ಕೇಳುತ್ತಿತ್ತು, ಆ ಹೆಣ್ಣುಮಗಳು ಪ್ರತಿ ಸಲ ಉತ್ತರ ಹೇಳುತ್ತಿದ್ದರು.

ಆ ಒಂಟಿ ಅಕ್ಷರಗಳು ಅಲ್ಲಿ ಏಕಿವೆ ಎಂದು ನಾನು ಅವರನ್ನು ಕೇಳಬಹುದಿತ್ತು. ನನ್ನ ಕುರ್ಚಿಯಿಂದ ಅವರ ಕುರ್ಚಿಗೆ ನಾಲ್ಕು ಅಡಿ. ಕೇಳಲಿಲ್ಲ. ಕೇಳುವುದು ಗೊತ್ತಿಲ್ಲದವರ ಕೆಲಸ ಎಂದು ಆಗ ನಂಬಿದ್ದೆ. ನಾನು ಸಂಶೋಧನೆ ಮಾಡಿದೆ. ಅವರು ಬಾಲ ‘ಆರ್’ ಇರುವ ಫೈಲುಗಳನ್ನು ತೆರೆಯುವಾಗ ಹಿಂದೆ ನಿಂತು ನೋಡಿದೆ. ಹಲಸೂರಿನ ಮೂರು ಪತ್ರಿಕೆಗಳು, ಮೂರೂ ತಮಿಳಿನವು. ಬಾಲ ‘ಎನ್’ ಇದ್ದ ಎರಡು ತೆರೆದರು. ಎರಡೂ ಕನ್ನಡ. ಅಷ್ಟು ಸಾಕು. ಆರ್ ಎಂದರೆ ತಮಿಳು, ಎನ್ ಎಂದರೆ ಕನ್ನಡ, ಈ ಅಂಗಡಿಯವರು ತಮಗೇ ತಿಳಿಯದಂತೆ ಎಂಥ ಚಂದದ ಸಂಕೇತ ಕಟ್ಟಿಕೊಂಡಿದ್ದಾರೆ ಎಂದು ಬೆರಗಾದೆ. ಉಳಿದ ಅಕ್ಷರಗಳಿಗೂ ಹೀಗೇ ಎರಡು ಮೂರು ಫೈಲು ನೋಡಿ ತೀರ್ಪು ಕೊಟ್ಟೆ.

ಆಮೇಲೆ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದೆ. ಆ ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ ಟೈಪ್ ಮಾಡುತ್ತಿದ್ದರೆ ಹಿಂದೆ ಹೋಗುವವರು ಒಂದು ಕ್ಷಣ ನಿಲ್ಲುತ್ತಾರೆ. ಅದಕ್ಕೋಸ್ಕರವೇ ಅರ್ಧ ಜನ ಅದನ್ನು ಬಳಸುವುದು. ಆಜ್ಞೆಗಳು ಎರಡು ಬಗೆಯವು. ಒಂದು: ಈ ಬಾಲದ ಫೈಲು ಈ ಜಾತಿಗೆ ಸೇರಿದ್ದು. ಇನ್ನೊಂದು: ಈ ಜಾತಿಯದನ್ನು ಇಂಥ ತಂತ್ರಾಂಶದಲ್ಲಿ ತೆರೆ. ಬರೆದು, ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿ, ಒಂದೇ ಏಟಿಗೆ ಓಡಿಸಿದೆ. ಕಂಪ್ಯೂಟರು ಇನ್ನು ಮುಂದೆ ಯಾರನ್ನೂ ಏನೂ ಕೇಳುವುದಿಲ್ಲ ಎಂದು ಘೋಷಿಸಿದೆ. ಹೊರಗೆ ಮಳೆ ಬರುತ್ತಿತ್ತು. ಇಲ್ಲ, ಆ ಮಳೆಯನ್ನು ನಾನು ಎರಡನೇ ಸಲ ಹೇಳುವಾಗ ಸೇರಿಸಿದ್ದು. ಹೊಡೆದುಹಾಕಿ.

ಬುಧವಾರ ವಿಮಾನಪುರದಿಂದ ಗಂಡ ಹೆಂಡತಿ ಬಂದರು. ಗಂಡ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅಂಗಿಯ ಜೇಬಿನಲ್ಲಿ ಇನ್ನೂ ಎರಡು ಪೆನ್ನು. ದೊಡ್ಡ ಮಗಳ ಮದುವೆಯ ಪತ್ರಿಕೆ ಇಲ್ಲೇ ಆಗಿತ್ತು, ಈಗ ಚಿಕ್ಕವಳದು. ಹಳೆಯದರಲ್ಲೇ ಹುಡುಗ ಹುಡುಗಿ, ಮುಹೂರ್ತ ಬದಲಿಸಿದರೆ ಸಾಕು, ಉಳಿದ ನೆಂಟರೆಲ್ಲ ಅವರೇ.

“ಬನ್ನಿ ಬನ್ನಿ, ನಿಮ್ದ್ರಲ್ಲೇ ನೋಡ್ಬಿಡೋಣ,” ಎಂದು ಮಾಲೀಕರು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. “ಸಾರ್, ಮಾಡಿ.”

ಮನೆಯ ಯಜಮಾನರ ಹೆಸರಿನ ಫೈಲು ಇತ್ತು, ಬಾಲ ಆರ್. ನಾನು ಡಬಲ್ ಕ್ಲಿಕ್ ಮಾಡಿದೆ. ಕಂಪ್ಯೂಟರು ನಿಜವಾಗಿಯೂ ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ತಮಿಳಿನ ತಂತ್ರಾಂಶ ತೆರೆದುಕೊಂಡಿತು. ಗಣಪತಿಯ ಚಿತ್ರದ ಕೆಳಗೆ ಕೊಕ್ಕೆ, ಗೆರೆ, ಅರ್ಧಚಂದ್ರಗಳ ರಾಶಿ.

ಯಜಮಾನರು ಕನ್ನಡಕ ಏರಿಸಿದರು. “ಏನ್ರೀ ಇದು? ನಮ್ಮನೆ ದೇವ್ರು ಯಾವಾಗಿಂದ ತಮಿಳು ಮಾತಾಡಕ್ಕೆ ಶುರು ಮಾಡಿದ್ರು?”

“ತಮಿಳೂ ಅಲ್ಲ ಸಾರ್ ಇದು,” ಎಂದರು ಮಾಲೀಕರು. “ನಂಗೂ ಓದಕ್ಕಾಗ್ತಿಲ್ಲ.”

ನಾನು ಗಾಬರಿಯಲ್ಲಿ ಮುಚ್ಚಲು ಹೋದೆ. ಅದು ಸೇವ್ ಮಾಡಲೇ ಎಂದಿತು. ನನ್ನ ಬೆರಳು ಹೌದು ಎಂದಿತು. ಹಿಂದಿನಿಂದ ಆ ಹೆಣ್ಣುಮಗಳು “ಸರ, ಬ್ಯಾಡ್ರಿ!” ಎಂದದ್ದು ಬೆರಳು ಒತ್ತುವುದಕ್ಕೆ ಮುಂಚೆಯೋ ಆಮೇಲೋ ಎಂಬುದು ಈಗಲೂ ನನಗೆ ತಿಳಿಯದು. ಆಮೇಲೆ ಎಂದು ಇಟ್ಟುಕೊಂಡಿದ್ದೇನೆ, ಅನುಕೂಲವಾಗುತ್ತದೆ.

“ಹೋಯ್ತಾ?” ಎಂದರು ಯಜಮಾನರು.

“ಹೋಯ್ತು,” ಎಂದರು ಮಾಲೀಕರು.

“ನಾವು ಫ್ಯಾಕ್ಟ್ರೀಲಿ ಒಂದೊಂದು ಬೋಲ್ಟಿಗೂ ಇಬ್ಬಿಬ್ರು ಸೈನ್ ಹಾಕ್ತಿದ್ವಿ ಕಣ್ರೀ. ನೀವು ಓದ್ದೇನೇ ಎಸ್ ಒತ್ಬಿಟ್ರಾ?”

ನಾನು ಆ ಅಕ್ಷರಗಳ ಸಂಕೇತದ ಬಗ್ಗೆ ಏನೋ ಹೇಳಿದೆ. ಆರ್ ಎಂದರೆ ತಮಿಳಾಗಬೇಕಿತ್ತು ಎಂದೆ.

“ಆರ್ ಅಂದ್ರೆ ನಮ್ಮಪ್ಪ,” ಎಂದರು ಯಜಮಾನರು.

ಆಗ ಆ ಹೆಣ್ಣುಮಗಳು ನಗು ತಡೆದುಕೊಂಡು ಬಿಡಿಸಿ ಹೇಳಿದರು. ಫೈಲಿಗೆ ಮನೆಯ ಯಜಮಾನರ ಹೆಸರಿಡುವುದು ಅಂಗಡಿಯ ರೂಢಿ. ಈ ಕಡೆಯವರು ಹೆಸರು ಬರೆದು, ಚುಕ್ಕಿ ಇಟ್ಟು, ಅಪ್ಪನ ಹೆಸರಿನ ಮೊದಲಕ್ಷರ ಬರೆಯುತ್ತಾರೆ. ಹಾಗೇ ಟೈಪ್ ಮಾಡಿದಾಗ, ಹೆಸರಿನಲ್ಲಿ ಆಗಲೇ ಬಾಲವಿದೆ ಎಂದುಕೊಂಡು ತಂತ್ರಾಂಶ ತನ್ನ ಬಾಲವನ್ನು ಅಂಟಿಸದೆ ಸುಮ್ಮನಾಗುತ್ತದೆ. ಉರ್ದು ಮನೆಗಳಲ್ಲಿ ಇನಿಷಿಯಲ್ ಹಾಕುವವರು ಕಡಿಮೆ, ಅದಕ್ಕೇ ಅವರ ಫೈಲುಗಳು ಸರಿಯಾಗಿದ್ದವು. ನಾನು ಕಂಡಿದ್ದ ಹಲಸೂರಿನ ಮೂರು ಪತ್ರಿಕೆಗಳು ಒಂದೇ ಅಪ್ಪನ ಮೂವರು ಗಂಡುಮಕ್ಕಳವು. ಎರಡು ಕನ್ನಡದವು ಒಬ್ಬ ಅಪ್ಪನ ಇಬ್ಬರು ಮಕ್ಕಳವು.

“ನಮ್ ಕಡಿ ಮನಿತನದ ಹೆಸರು ಇಡ್ತಾರ್ರಿ ಸರ, ಅಪ್ಪಗ ಚುಕ್ಕಿ ಇಡಂಗಿಲ್ಲ. ಮೊದಲಿಗಿ ಬಂದಾಗ ನನಗೂ ತಿಳೀಲಿಲ್ಲ. ನೀವು ಇಲ್ಲಿಯವ್ರು, ನಿಮಗ ಗೊತ್ತಿರ್ತದ ಅಂದ್ಕೊಂಡೆ.”

ನನ್ನ ಹೆಸರಿನ ಕೊನೆಯಲ್ಲೂ ಚುಕ್ಕಿ ಇದೆ, ಚುಕ್ಕಿಯಾಚೆ ನಮ್ಮಪ್ಪ ಇದ್ದಾರೆ. ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ಇದ್ದಾರೆ. ಅಪ್ಪ ಯಾರೆಂದು ನೋಡಿ, ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಒಂದು ವ್ಯವಸ್ಥೆಯನ್ನು ನಾನು ಎರಡು ದಿನ ಕೂತು ಕಂಡುಹಿಡಿದಿದ್ದೆ. ಈ ದೇಶದಲ್ಲಿ ಅದನ್ನು ಮೊದಲು ಕಂಡುಹಿಡಿದವನು ನಾನೇ ಎಂಬಂತೆ ಹಿಗ್ಗಿದ್ದೆ.

“ಲೀವ್ ಇಲ್ಲ,” ಎಂದು ಮಾಲೀಕರು ಒಳಗೆ ಹೋದರು.

ಆ ಹೆಣ್ಣುಮಗಳು ಮಾದರಿಗಳ ಆಲ್ಬಮ್ಮಿನಿಂದ ಆ ಮನೆಯ ಹಳೆಯ ಪತ್ರಿಕೆ ಹುಡುಕಿ ತೆಗೆದು, ಮೊದಲಿನಿಂದ ಟೈಪ್ ಮಾಡಲು ಕೂತರು. ಮನೆದೇವರು, ತಾತಂದಿರು, ಸೋದರಮಾವಂದಿರು, ಎರಡು ಸಾಲು ಚಿಕ್ಕಪ್ಪ ದೊಡ್ಡಪ್ಪಂದಿರು. ನಾನು ಪಕ್ಕದಲ್ಲಿ ಕೂತು ಓದಿ ಹೇಳಿದೆ, ಪಶ್ಚಾತ್ತಾಪಕ್ಕೆ ಅದು ಸುಲಭದ ದಾರಿ. ಯಜಮಾನರ ಹೆಂಡತಿ ಕುರ್ಚಿ ಎಳೆದುಕೊಂಡು ಕೂತು, ಬೆರಳು ನಿಂತಾಗಲೆಲ್ಲ ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ಯಾವೂರು, ಮಕ್ಕಳೆಷ್ಟು, ಯಾವ ರಜೆ.

“ತಂಗಿ ಸೀಮಂತಕ್ಕಾ? ಅಮ್ಮ ಇಲ್ವಾ?”

“ಇಲ್ರಿ.”

ಆಕೆ ಎದ್ದು ಒಳಗಿನ ಬಾಗಿಲ ಬಳಿ ನಿಂತು ದನಿ ಎತ್ತಿದರು. “ಏನ್ರೀ, ನೀವು ಲಗ್ನಪತ್ರಿಕೆ ಮಾಡ್ಕೊಂಡು ಬದುಕೋರು, ಒಂದು ಸೀಮಂತಕ್ಕೆ ಅಕ್ಕನ್ನ ಕಳ್ಸಲ್ವಾ? ನಮ್ಮ ಶುಭಕಾರ್ಯದ ಕಾಗದ ಅವಳ ಕಣ್ಣೀರಲ್ಲಿ ಮಾಡಿಸ್ಕೊಂಡು ಹೋಗ್ಲಾ ನಾನು?”

ಆ ಹೆಣ್ಣುಮಗಳ ಕಣ್ಣಲ್ಲಿ ನೀರೇನೂ ಇರಲಿಲ್ಲ. ಹೊಸ ಅಳಿಯನ ಡಿಗ್ರಿಯ ಸಂಕ್ಷೇಪ ಸರಿಯಿದೆಯೇ ಎಂದು ನೋಡುತ್ತಿದ್ದರು.

ಮಾಲೀಕರು ಹೊರಗೆ ಬಂದರು. “ಕಳ್ಸಲ್ಲ ಅಂತ ಯಾರು ಹೇಳಿದ್ದು? ಫೈಲ್‌ಗೆ ಒಂದು ವ್ಯವಸ್ಥೆ ಮಾಡಿ ಹೋಗಮ್ಮಾ ಅಂದೆ, ಅಷ್ಟೇ.”

ವ್ಯವಸ್ಥೆಯನ್ನು ಆ ಹೆಣ್ಣುಮಗಳೇ ಮಾಡಿದರು. ಕನ್ನಡ, ತಮಿಳು, ಉರ್ದು ಎಂದು ಮೂರು ಫೋಲ್ಡರು. ಗುರುವಾರ, ಶುಕ್ರವಾರ, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಫೈಲುಗಳನ್ನು ಒಂದೊಂದಾಗಿ ಎಳೆದು ಅದರದರ ಮನೆಗೆ ಸೇರಿಸಿದರು. ಒಂದನ್ನೂ ತೆರೆದು ನೋಡಲಿಲ್ಲ. ನಾನು ಕೊನೆಗೂ ಕೇಳಿದೆ, “ಹೇಗ್ರೀ ಗೊತ್ತಾಗತ್ತೆ?”

“ಹೆಸರು ನೋಡಿದ್ರ ಮಂದಿ ನೆನಪಾಗ್ತಾರ್ರಿ. ಇವ್ರು ಪೇಢೆ ತಂದಿದ್ರು. ಇವ್ರು ಹುಡುಗನ ಹೆಸರು ಮೂರು ಸಲ ಬದ್ಲಿ ಮಾಡಿಸಿದ್ರು. ಹುಡುಗನ್ನೇ ಬದ್ಲಿ ಮಾಡಿದ್ರೋ ಏನೋ, ನಾ ಕೇಳಲಿಲ್ಲ.”

ನನ್ನ ಪಾಲಿಗೆ ಉಳಿದದ್ದು ಸಣ್ಣ ಕೆಲಸ. ಎಲ್ಲ ಒಂಟಿ ಅಕ್ಷರಗಳನ್ನೂ ಒಂದೇ ಜಾತಿಗೆ ಸೇರಿಸಿ, ಫೈಲು ಯಾವ ಫೋಲ್ಡರಿನಲ್ಲಿ ಕೂತಿದೆ ಎಂದು ಮಾತ್ರ ನೋಡಿ ತೆರೆಯುವಂತೆ ಬದಲಿಸಿದೆ. ನಾಲ್ಕು ಸಾಲು. ಶನಿವಾರ ಮಾಲೀಕರು ತಾವೇ ಕೂತು ಬೇಕೆಂದೇ ಅಲ್ಲಿಷ್ಟು ಇಲ್ಲಿಷ್ಟು ಕ್ಲಿಕ್ ಮಾಡಿ ನೋಡಿದರು. ಎಲ್ಲವೂ ಸರಿಯಾಗಿ ತೆರೆದವು. “ಸಾರ್ ಸೂಪರ್,” ಎಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಆ ಹೆಣ್ಣುಮಗಳು ಒಂದು ಬಟ್ಟೆಯ ಚೀಲ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ತಂಗಿಗೆ ಕೊಂಡಿದ್ದ ಹಸಿರು ಸೀರೆಯ ಡಬ್ಬ ಹಿಡಿದುಕೊಂಡು, ಕಂಟೋನ್ಮೆಂಟ್ ಸ್ಟೇಷನ್ನಿನ ಕಡೆ ಆಟೋ ಹತ್ತಿದರು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಇಲ್ಲೇ ನಿಲ್ಲಿಸಿದ್ದೇನೆ. ಒಂದೆರಡು ಸಲ ಮಾತ್ರ, ಕೇಳುವವರು ಇನ್ನೂ ಆಸೆಯಿಂದ ನೋಡುತ್ತಿದ್ದುದರಿಂದ, ಸೋಮವಾರದ ಒಂದು ದೃಶ್ಯ ಸೇರಿಸಿದ್ದೆ. ಅದು ಹೀಗಿದೆ: ಹಲಸೂರಿನವರೊಬ್ಬರು ಪೆನ್‌ಡ್ರೈವ್ ಕೊಟ್ಟು, ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೋಗುತ್ತಾರೆ. ಒಳಗೆ ನಮ್ಮದೇ ಅಂಗಡಿಯಲ್ಲಿ ಹಿಂದೆ ಮಾಡಿದ್ದ ಫೈಲು, ಬಾಲ ಎಂ. ಅದು ಯಾವ ಫೋಲ್ಡರಿನಲ್ಲೂ ಇಲ್ಲವಾದ್ದರಿಂದ ನನ್ನ ನಾಲ್ಕು ಸಾಲುಗಳು ಕೈಚೆಲ್ಲುತ್ತವೆ. ಮಾಲೀಕರು “ಅವಳಿಗೆ ಫೋನ್ ಮಾಡಿ ಸಾರ್” ಎನ್ನುತ್ತಾರೆ. ನಾನು ಫೋನನ್ನು ಕಿವಿಗಿಟ್ಟುಕೊಂಡಂತೆ ಮಾಡಿ, “ನಾಟ್ ರೀಚಬಲ್ ಸಾರ್” ಎನ್ನುತ್ತೇನೆ. ಅಲ್ಲಿ ಕುಬಸ ನಿರಾತಂಕವಾಗಿ ನಡೆಯುತ್ತದೆ.

ಇದನ್ನು ಬರೆದ ಮೇಲೆ ಅನುಮಾನ ಬಂದು ಫೋನಿನ ಹಳೆಯ ಕರೆಗಳ ಪಟ್ಟಿ ತೆಗೆದು ನೋಡಿದೆ. ಆ ಸೋಮವಾರ ಬೆಳಿಗ್ಗೆ ನನ್ನಿಂದ ಅವರಿಗೆ ಒಂದು ಕರೆ ಹೋಗಿದೆ. ಮಾತು ಒಂದೂವರೆ ನಿಮಿಷ ನಡೆದಿದೆ.

ಅಂದರೆ ನಟಿಸಲಿಲ್ಲ, ಕರೆ ಮಾಡಿದೆ. ಫೈಲನ್ನು ನಕಲು ಮಾಡಿಟ್ಟುಕೊಂಡು ನಕಲನ್ನೇ ಒಂದೊಂದರಲ್ಲಿ ತೆರೆದು ನೋಡಬಹುದಿತ್ತು, ಮೂಲಕ್ಕೆ ಏನೂ ಆಗುತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಅವರು ವಾಪಸು ಬಂದ ಮೇಲೆ. ಅದೂ ಬೇಡ, ಅರ್ಧ ಗಂಟೆ ಕಾದು ಪೆನ್‌ಡ್ರೈವ್ ಕೊಟ್ಟವರನ್ನೇ ನಿಮ್ಮದು ಯಾವ ಭಾಷೆ ಎಂದು ಕೇಳಬಹುದಿತ್ತು. ಗೊತ್ತಿರುವವರ ನಂಬರು ಕೈಯಲ್ಲಿರುವಾಗ ಇದೆಲ್ಲ ಯಾರಿಗೆ ಬೇಕು?

ಪಟ್ಟಿ ನೋಡಿದ ಮೇಲೆ ದನಿಗಳೂ ಬಂದವು. ಮೊದಲು ಹೆಂಗಸರ ಹಾಡು, ಮಧ್ಯೆ ಯಾರೋ “ಏ, ಅಕ್ಕನ್ನ ಕರೀರಿ, ಆರತಿ ಹಿಡೀಬೇಕು” ಎಂದದ್ದು. ಆಮೇಲೆ ಅವರು.

“ಹೇಳ್ರಿ ಸರ.”

“ಒಂದು ಫೈಲು…”

“ಹೆಸರು ಹೇಳ್ರಿ.”

ಹೇಳಿದೆ. ಚುಕ್ಕಿಯನ್ನೂ ಸೇರಿಸಿ.

“ಅವ್ರ ಅಣ್ಣಂದೂ ನಾನೇ ಮಾಡಿದ್ದೆ. ತಮಿಳಿಂದ್ರಾಗ ತಗೀರಿ. ಮುಚ್ಚೂಮುಂದ ನೋ ಒತ್ರಿ ಸರ, ನೋ. ಇಲ್ಲಿ ಆರತಿ ಮಾಡ್ಲಾಕತ್ತಾರ, ಇಡ್ತಿನ್ರಿ.”

ಫೈಲು ಸರಿಯಾಗಿ ತೆರೆಯಿತು. ಮಾಲೀಕರು ಇಣುಕಿ ನೋಡಿ ಸಮಾಧಾನಗೊಂಡು, ಟೀ ಲೋಟ ಕೆಳಗಿಟ್ಟರು.

“ಫಂಕ್ಷನ್ ಚೆನ್ನಾಗಿ ನಡೀತಿದ್ಯಂತಾ?”

“ಕೇಳ್ಲಿಲ್ಲ.”

“ಏನ್ ಸಾರ್ ನೀವು,” ಎಂದರು ಮಾಲೀಕರು, ನಿಜವಾಗಿಯೂ ಬೇಸರಪಟ್ಟುಕೊಂಡು. “ಪಾಪ, ಒಂದು ಮಾತು ಕೇಳ್ಬಾರ್ದಾ?”